ಹೊರಡುವ ಹಕ್ಕಿಗಳ ಲೆಕ್ಕ: ಹಿರಿಯೂರು ಸೀಮೆಯಲ್ಲಿ ಶಿವರಾತ್ರಿಯಿಂದ ರೋಹಿಣಿ ಮಳೆವರೆಗೆ

ವಲಸೆ ಹಕ್ಕಿ ಎಂದರೆ ನಮ್ಮಲ್ಲಿ ಚಳಿಗಾಲದ ಸುದ್ದಿ. ದೀಪಾವಳಿ ಕಳೆದ ಮೇಲೆ ಪತ್ರಿಕೆಗಳಲ್ಲಿ ‘ವಿದೇಶಿ ಅತಿಥಿಗಳ ಆಗಮನ’ ಎಂಬ ತಲೆಬರಹ ಬರುತ್ತದೆ, ಕೆರೆ ದಂಡೆಯಲ್ಲಿ ನಾಲ್ಕು ದಿನ ಕ್ಯಾಮೆರಾಗಳು ಕಾಣಿಸಿಕೊಳ್ಳುತ್ತವೆ. ಸಂಕ್ರಾಂತಿ ಮುಗಿದರೆ ಎಲ್ಲರೂ ಮನೆಗೆ. ಆ ಅತಿಥಿಗಳು ಯಾವಾಗ ಹೊರಟರು, ಯಾವುದು ಮೊದಲು ಹೋಯಿತು, ಯಾವುದು ಕೊನೆಯವರೆಗೆ ಉಳಿಯಿತು ಎಂದು ಕೇಳಿದರೆ ಉತ್ತರ ಹೇಳುವವರು ಸಿಗುವುದು ಕಷ್ಟ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಸುತ್ತ ಹಕ್ಕಿ ನೋಡಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಬರುವ ಕಾಲಕ್ಕಿಂತ ಹೋಗುವ ಕಾಲ ಒಳ್ಳೆಯದು. ಶಿವರಾತ್ರಿಯ ಹೊತ್ತಿಗೆ ಈ ಬಯಲುಸೀಮೆಯ ಕೆರೆಗಳು ಬತ್ತತೊಡಗುತ್ತವೆ. ಹತ್ತು ಕಡೆ ಚದುರಿದ್ದ ಹಕ್ಕಿಗಳು ನೀರು ಉಳಿದಿರುವ ಒಂದೆರಡು ಕಡೆ ಸೇರುತ್ತವೆ. ಕುರುಚಲು ಕಾಡಿನಲ್ಲಿ ಎಲೆ ಉದುರಿರುವುದರಿಂದ ಕೊಂಬೆಯ ಮೇಲಿನ ಹಕ್ಕಿ ಮರೆಯಾಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಚಳಿಗಾಲದಲ್ಲಿ ಮಾಸಲು ಬಣ್ಣದಲ್ಲಿ ಒಂದರಂತೆ ಒಂದು ಕಾಣುವ ಹಕ್ಕಿಗಳು ಹೊರಡುವ ಮೊದಲು ಬೆದೆಗಾಲದ ಬಣ್ಣಕ್ಕೆ ತಿರುಗುತ್ತವೆ. ಡಿಸೆಂಬರಿನಲ್ಲಿ ಪುಸ್ತಕ ತಿರುವಿ ತಿರುವಿ ಸೋತವರು ಏಪ್ರಿಲ್‌ನಲ್ಲಿ ಅದೇ ಹಕ್ಕಿಯನ್ನು ದೂರದಿಂದಲೇ ಗುರುತಿಸಬಹುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ದೊಡ್ಡ ಹಕ್ಕಿಯೆಲ್ಲ ಸೈಬೀರಿಯಾದಿಂದ ಬಂದದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ಹಿರಿಯೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಶಿರಾ ತಲುಪಿ, ಅಲ್ಲಿಂದ ಹತ್ತು ಕಿಲೋಮೀಟರಿನೊಳಗೆ ಸಿಗುವ ಕಗ್ಗಲಡು ಊರಿನಲ್ಲಿ ಬೇಸಿಗೆಯ ಉದ್ದಕ್ಕೂ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಂಸಾರ ಹೂಡಿರುತ್ತವೆ. ಅವನ್ನೂ ಸೈಬೀರಿಯಾದವು ಎಂದೇ ಜನ ಹೇಳುತ್ತಾರೆ. ಅವು ನಮ್ಮವೇ. ನೀರು, ಮೀನು ಇದ್ದ ಕಡೆಗೆ ಕೆರೆಯಿಂದ ಕೆರೆಗೆ ಅಲೆಯುತ್ತವೆ ಅಷ್ಟೆ. ಸುಲಭದ ಸೂತ್ರ: ಇಲ್ಲಿ ಗೂಡು ಕಟ್ಟಿ ಮರಿ ಮಾಡುವ ಹಕ್ಕಿ ಚಳಿಗಾಲದ ವಲಸಿಗನಲ್ಲ. ಉತ್ತರದಿಂದ ಬರುವವು ಇಲ್ಲಿ ಉಣ್ಣಲು ಬರುತ್ತವೆ, ಹೆರಲು ಊರಿಗೆ ಹೋಗುತ್ತವೆ.

ವಾಣಿವಿಲಾಸ ಸಾಗರ: ಕಟ್ಟೆಯಲ್ಲ, ಹಿನ್ನೀರು

ಹಿರಿಯೂರಿಗೆ ಬಂದವರು ಮೊದಲು ಕೇಳುವುದು ಮಾರಿಕಣಿವೆಯನ್ನೇ. ಊರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆಯ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಹೆಸರು ಮೈಸೂರಿನ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರದು. ಕಟ್ಟೆಯ ಕೆಳಗೆ ಕಣಿವೆ ಮಾರಮ್ಮನ ಗುಡಿ. ನೋಡಲು ಚೆಂದದ ಜಾಗ, ಆದರೆ ಹಕ್ಕಿಗೆ ಅಲ್ಲ. ಕಟ್ಟೆಯ ಬಳಿಯ ನೀರು ಆಳ. ಅಲ್ಲಿ ನೀರುಕಾಗೆ, ರೀವ, ಅದೃಷ್ಟವಿದ್ದರೆ ನೀರಿಗೆ ಕಾಲು ಮುಂದೆ ಚಾಚಿ ಧುಮುಕಿ ಮೀನು ಎತ್ತುವ ಡೇಗೆ ಕಂಡೀತು. ಬಾತುಗಳೂ ಕೆಸರು ಹಕ್ಕಿಗಳೂ ಬೇಕಾದರೆ ನೀರು ತೆಳ್ಳಗಾಗುವ ಹಿನ್ನೀರಿನ ಅಂಚಿಗೆ, ಹೊಸದುರ್ಗದ ಕಡೆಗೆ ಹೋಗಬೇಕು.

ಈಚಿನ ವರ್ಷಗಳಲ್ಲಿ ಇಲ್ಲಿ ಒಂದು ಬದಲಾವಣೆ ಆಗಿದೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ. ಒಳ್ಳೆಯ ಮಳೆಯ ಜತೆ ಭದ್ರಾ ನೀರೂ ಬರುತ್ತಿದೆ. ರೈತರಿಗೆ ಹಬ್ಬ, ಆಗಲೇಬೇಕು. ಆದರೆ 130 ಅಡಿ ತುಂಬಿದ ಸಾಗರದಲ್ಲಿ ಕೆಸರಿನ ಅಂಚು ಸಿಗುವುದಿಲ್ಲ. ನೀರು ನೇರವಾಗಿ ಜಾಲಿ ಪೊದೆಗಳ ಬುಡಕ್ಕೆ ನಿಂತಿರುತ್ತದೆ. ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ಬೇಕಾದದ್ದು ಒಂದು ಗೇಣು ನೀರು, ಮೆತ್ತನೆಯ ಕೆಸರು, ಅದರೊಳಗಿನ ಹುಳು. ಹಾಗಾಗಿ ಸಾಗರ ತುಂಬಿದ ವರ್ಷ ಸಣ್ಣ ಕೆರೆಗಳನ್ನು ಹುಡುಕಿ. ಜವಗೊಂಡನಹಳ್ಳಿ ಕಡೆಯ ಗಾಯತ್ರಿ ಜಲಾಶಯ, ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಕೆರೆ, ನೀರಿದ್ದ ವರ್ಷ ಧರ್ಮಪುರದ ಹಳೆಯ ಕೆರೆ, ಇವಕ್ಕೊಂದು ಸುತ್ತು ಹೋಗಿಬರಬಹುದು. ಹೆಸರಿಲ್ಲದ ಗೋಕಟ್ಟೆಗಳನ್ನೂ ಬಿಡಬೇಡಿ. ಯಾವ ಕೆರೆಯಲ್ಲಿ ನೀರಿದೆ ಎಂಬುದು ಗೂಗಲ್ ನಕ್ಷೆಗಿಂತ ಕುರಿ ಕಾಯುವವರಿಗೆ ಚೆನ್ನಾಗಿ ಗೊತ್ತು. “ಯಣ್ಣಾ, ಕುರಿಗೆ ನೀರು ಕುಡಿಸಾಕೆ ಎಲ್ಲಿಗೋಗ್ತೀಯ?” ಎಂದು ಕೇಳಿ. ಅವರು ತೋರಿಸಿದ ಕಡೆ ಹಕ್ಕಿಯೂ ಇರುತ್ತದೆ.

ಕೆರೆಯ ಹಕ್ಕಿಗಳು ಹೊರಡುವುದಕ್ಕೆ ಒಂದು ಕ್ರಮವಿದೆ. ಸೂಜಿಬಾಲದ ಬಾತು, ಸಲಿಕೆಯಂತೆ ಕೊಕ್ಕು ಅಗಲವಾದ ಚಲುಕ ಬಾತು ಇವೆಲ್ಲ ಮಾರ್ಚ್ ಮುಗಿಯುವುದರೊಳಗೆ ತೆಳುವಾಗುತ್ತವೆ. ಬಿಳಿಹುಬ್ಬಿನ ಬಾತು, ಅಂದರೆ ಇಂಗ್ಲಿಷ್ ಪುಸ್ತಕಗಳ ಗಾರ್ಗನಿ, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ತಡವಾಗಿ ಹೋಗುವ ಜಾತಿ. ಏಪ್ರಿಲ್‌ನಲ್ಲಿ ಬಾತಿನ ಗುಂಪು ಕಂಡರೆ ಗಂಡಿನ ಕಣ್ಣಿನ ಮೇಲೆ ಬಾಗಿದ ಬಿಳಿ ಪಟ್ಟಿ ಇದೆಯೇ ನೋಡಿ. ನಾಮದ ಕೋಳಿ, ಗುಳುಮುಳುಕ, ಚುಕ್ಕೆ ಕೊಕ್ಕಿನ ಬಾತು ಊರಿನವು, ಅವು ಇದ್ದೇ ಇರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಮೈಸೂರು ಕಡೆಯ ಹದಿನಾರು ಕೆರೆಗೂ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಉತ್ತರಕ್ಕೆ ತಿರುಗುತ್ತವೆ. ಹಿಮಾಲಯ ದಾಟುವಾಗ ಈ ಜಾತಿಯ ಹಕ್ಕಿಯೊಂದು ಏಳು ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನದಲ್ಲಿ ದಾಖಲಾಗಿದೆ. ನಮ್ಮ ಕೆರೆಯಲ್ಲಿ ಅವು ಒಂದು ರಾತ್ರಿ ಇಳಿದು ಹೋದರೂ ಅದು ಬರೆದಿಡಬೇಕಾದ ಸಂಗತಿ.

ಕೊನೆಯವರೆಗೆ ಉಳಿಯುವವು ಕೆಸರು ಹಕ್ಕಿಗಳು. ಏಪ್ರಿಲ್ ಕೊನೆಯಲ್ಲೂ ಅಡವಿ ಗದ್ದೆಗೊರವಗಳು ಬಾಲ ಮೇಲೆ ಕೆಳಗೆ ಆಡಿಸುತ್ತ ಅಂಚಿನಲ್ಲಿ ಓಡಾಡುತ್ತಿರುತ್ತವೆ. ಅವುಗಳ ನಡುವೆ ಗುಬ್ಬಿ ಗಾತ್ರದ, ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಕುಟ್ಟುತ್ತಲೇ ಇರುವ ಹಕ್ಕಿ ಕಂಡರೆ ಅದು ಲಿಟ್ಲ್ ಸ್ಟಿಂಟ್. ಸಾಮಾನ್ಯವಾಗಿ ಮೂವತ್ತು ಗ್ರಾಂ ಕೂಡ ತೂಗದು. ಅದು ಮೊಟ್ಟೆಯಿಡುವುದು ಆರ್ಕ್‌ಟಿಕ್ ಅಂಚಿನ ಮರವಿಲ್ಲದ ನೆಲದಲ್ಲಿ. ಅಲ್ಲಿ ಹಿಮ ಕರಗುವುದೇ ಮೇ ಕೊನೆಗೆ, ಜೂನಿಗೆ. ಬೇಗ ಹೋಗಿ ಮಾಡುವುದೇನೂ ಇಲ್ಲ. ತಡವಾಗಿ ಹೊರಡುವುದರ ಗುಟ್ಟು ಇದು.

ಒಂದು ಎಚ್ಚರಿಕೆ. ಏಪ್ರಿಲ್‌ನಲ್ಲಿ ತಲೆ, ಕತ್ತು, ಬೆನ್ನು ಕಿತ್ತಳೆ ಬಣ್ಣಕ್ಕೆ ತಿರುಗಿದ ಬೆಳ್ಳಕ್ಕಿ ಕಂಡರೆ ಹೊಸ ಜಾತಿ ಎಂದು ಸಂಭ್ರಮಿಸಬೇಡಿ. ಅದು ದನದ ಹಿಂದೆ ತಿರುಗುವ ಗೋವಕ್ಕಿಯೇ, ಬೆದೆಗಾಲಕ್ಕೆ ಬಣ್ಣ ಹಚ್ಚಿಕೊಂಡಿದೆ.

ಮುತ್ತುಗದ ಹೂವೂ ಗುಲಾಬಿ ಮೈನಾಗಳೂ

ಈ ಸೀಮೆಯ ವಸಂತದಲ್ಲಿ ಒಂದೇ ಒಂದು ನೋಟ ಆರಿಸಿಕೊಳ್ಳಿ ಎಂದರೆ ನಾನು ಗುಲಾಬಿ ಮೈನಾಗಳನ್ನು ಆರಿಸುತ್ತೇನೆ. ಕಪ್ಪು ತಲೆ, ಕಪ್ಪು ರೆಕ್ಕೆ, ಕಪ್ಪು ಬಾಲ, ನಡುವೆ ತಿಳಿಗುಲಾಬಿ ಮೈ. ಮಳೆಗಾಲದ ಕೊನೆಗೇ ಬಂದು ಜೋಳದ ಹೊಲಗಳಿಗೆ ಮುಗಿಬೀಳುವ ಇವು ಏಪ್ರಿಲ್‌ವರೆಗೂ ಇರುತ್ತವೆ. ಶಿವರಾತ್ರಿಗೆ ಮುತ್ತುಗ, ಬೂರುಗ ಹೂ ಬಿಟ್ಟ ಮೇಲೆ ಬೆಳಗಿನ ಹೊತ್ತು ಆ ಮರದಡಿ ನಿಂತರೆ ಸಾಕು. ಮಕರಂದಕ್ಕೆ ನೂರಾರು ಮೈನಾಗಳು ಜಗಳವಾಡುತ್ತಿರುತ್ತವೆ. ಕೊಕ್ಕು, ಹಣೆ ಎಲ್ಲ ಪರಾಗ ಮೆತ್ತಿ ಹಳದಿಯಾಗಿರುತ್ತದೆ. ಮುತ್ತುಗದ ಪರಾಗಸ್ಪರ್ಶಕ್ಕೆ ಇಂಥ ಹಕ್ಕಿಗಳೂ ನೆರವಾಗುತ್ತವೆ.

ಇವುಗಳ ಬಣ್ಣದ ಲೆಕ್ಕ ಸ್ವಾರಸ್ಯದ್ದು. ಚಳಿಗಾಲದಲ್ಲಿ ಗರಿಗಳ ತುದಿ ಮಾಸಲು; ತಿಂಗಳು ಕಳೆದಂತೆ ಆ ತುದಿ ಸವೆದು ಒಳಗಿನ ಗುಲಾಬಿಯೂ ಹೊಳೆಯುವ ಕಪ್ಪೂ ಹೊರಬೀಳುತ್ತವೆ. ಹೊಸ ಬಟ್ಟೆ ತೊಟ್ಟದ್ದಲ್ಲ, ಹಳೆಯದು ಸವೆದೇ ಚೆಂದವಾದದ್ದು. ಹಳದಿ ಸಿಪಿಲೆಯದು ಬೇರೆ ದಾರಿ. ಅದು ಹೊರಡುವ ಮೊದಲು ನಿಜವಾಗಿಯೂ ಗರಿ ಉದುರಿಸಿ ಹೊಸ ಗರಿ ತರುತ್ತದೆ. ಏಪ್ರಿಲ್‌ನಲ್ಲಿ ನೀರು ಹಾಯಿಸಿದ ಹೊಲದಲ್ಲಿ ಅಚ್ಚ ಹಳದಿ ಎದೆಯ ಗಂಡುಗಳು ಕಾಣುತ್ತವೆ, ಕೆಲವಕ್ಕೆ ತಲೆ ಕಪ್ಪು, ಕೆಲವಕ್ಕೆ ಬೂದು. ಅವು ಬೇರೆ ಬೇರೆ ನಾಡುಗಳಲ್ಲಿ ಮರಿ ಮಾಡುವ ಒಳಜಾತಿಗಳು. ಮನೆಯ ಮಾಳಿಗೆಯ ಮೇಲೆ ಕೂತು ಬೆಳಿಗ್ಗೆ ಸಿಳ್ಳು ಹಾಕುವ ದೊಡ್ಡ ಕಪ್ಪು-ಬಿಳಿ ಸಿಪಿಲೆ ಮಾತ್ರ ಇಲ್ಲಿಯದೇ, ಅದನ್ನು ವಲಸೆ ಪಟ್ಟಿಗೆ ಸೇರಿಸಬೇಡಿ.

ಗುಲಾಬಿ ಮೈನಾ ರೈತನಿಗೆ ಮಿತ್ರನೋ ಶತ್ರುವೋ? ಎರಡೂ. ತೆನೆಯ ಕಾಲದಲ್ಲಿ ಕಾಳು ತಿನ್ನುವುದು ನಿಜ. ಆದರೆ ಅದರ ಹುಟ್ಟೂರಾದ ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಅದು ಬದುಕುವುದು ಮಿಡತೆಯ ಮೇಲೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟ ತಡೆಯಲೆಂದೇ ಈ ಹಕ್ಕಿಗೆ ಗೂಡು ಕಟ್ಟಲು ಕಲ್ಲುಗುಡ್ಡೆ ಮಾಡಿಕೊಡುತ್ತಾರೆ.

ಎರೆ ಹೊಲ, ಕಾವಲು, ಬೆಟ್ಟ

ಐಮಂಗಲ, ಮರಡಿಹಳ್ಳಿ ಕಡೆಗೆ ಹೋಗುವವರು ಹೆಚ್ಚಾಗಿ ನೋಡಬರುವುದು ದಿಂಬಿನಾಕಾರದ ಲಾವಾ ಬಂಡೆಗಳನ್ನು. ಅದೇ ದಾರಿಯಲ್ಲಿ ಕಟಾವು ಮುಗಿದ ಬಯಲನ್ನೂ ಗಮನಿಸಿ. ನೆಲಕ್ಕೆ ಅಂಟಿದಂತೆ, ರೆಕ್ಕೆಯನ್ನು ‘ವಿ’ ಆಕಾರಕ್ಕೆ ಎತ್ತಿ ಓಲಾಡುತ್ತ ಹಾರುವ ತೆಳುಮೈಯ ಬೇಟೆಹಕ್ಕಿ ಕಂಡರೆ ಅದು ಸೆಳೆವ. ಗಂಡು ಬೂದು-ಬಿಳಿ, ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಕಜಕಸ್ತಾನದ ಹುಲ್ಲುಗಾವಲುಗಳಲ್ಲಿ ನೆಲದ ಮೇಲೆ ಗೂಡು ಕಟ್ಟುವ ಇವಕ್ಕೆ ನಮ್ಮ ಅಮೃತಮಹಲ್ ಕಾವಲುಗಳು ಚಳಿಗಾಲದ ಮನೆ. ರಾತ್ರಿ ಮಲಗುವುದೂ ಹುಲ್ಲಿನ ನಡುವೆ ನೆಲದ ಮೇಲೇ. ಏಪ್ರಿಲ್ ಮುಗಿಯುವ ಹೊತ್ತಿಗೆ ಇವು ಅಪರೂಪವಾಗುತ್ತವೆ. ಹುಲ್ಲುಗಾವಲನ್ನು ‘ಪಾಳು’ ಎಂದು ದಾಖಲೆಯಲ್ಲಿ ಬರೆದು ಗಿಡ ನೆಡಲು ಹೊರಡುವ ನಮ್ಮ ಚಾಳಿ ಇವುಗಳ ಪಾಲಿಗೆ ಒಳ್ಳೆಯದಲ್ಲ. ಮರ ಬೆಳೆಸಿದ ಕಾವಲಿನಲ್ಲಿ ಸೆಳೆವ ಮಲಗುವುದಿಲ್ಲ. ಚಳ್ಳಕೆರೆ ಕಡೆ ಕಾವಲಿನ ಒಂದಷ್ಟು ಭಾಗ ಈಗ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿಯೊಳಗಿದೆ. ಆ ಬೇಲಿಯ ಬಳಿ ದುರ್ಬೀನು, ಕ್ಯಾಮೆರಾ ಹಿಡಿದು ನಿಲ್ಲಬೇಡಿ.

ಚಿತ್ರದುರ್ಗದ ಜೋಗಿಮಟ್ಟಿಗೆ ಹೋದರೆ ಗಾಳಿಯಂತ್ರಗಳನ್ನು ಬಿಟ್ಟು ಕೆಳಗಿನ ಕುರುಚಲು ಕಾಡಿನ ಸದ್ದಿಗೆ ಕಿವಿಗೊಡಿ. ಗುಬ್ಬಿಗಿಂತ ಸಣ್ಣ, ಹಸಿರು ಛಾಯೆಯ ಉಲಿಯಕ್ಕಿಗಳು ಚಳಿಗಾಲವಿಡೀ ಒಂದೇ ಕೂಗಿನಲ್ಲಿ ಇರುತ್ತವೆ. ಏಪ್ರಿಲ್‌ನಲ್ಲಿ ಹೊರಡುವ ಮೊದಲು ಕೆಲವು ಇಲ್ಲೇ ಹಾಡು ಶುರುಮಾಡುತ್ತವೆ. ಬೇಲಿ ಸಾಲಿನಲ್ಲಿ ಚಕ್ ಚಕ್ ಎಂದು ಗದರುತ್ತಿದ್ದ ಕಂದು ಉಲಿಯಕ್ಕಿಯ ಹಾಡು ಕೇಳಿದ ದಿನ ಅದು ಗಂಟುಮೂಟೆ ಕಟ್ಟಿದೆ ಎಂದುಕೊಳ್ಳಿ. ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ದಕ್ಷಿಣದಿಂದ ಮಧ್ಯಭಾರತದ ಕಡೆಗೆ ಹಾದುಹೋಗುವ ನವರಂಗ ಹಕ್ಕಿ ತೋಟದ ತರಗೆಲೆಯ ಮೇಲೆ ಇಳಿಯಬಹುದು. ರಾತ್ರಿ ಹಾರಿ ದಣಿದು ಮನೆಯ ಹಿತ್ತಿಲಿಗೆ ಬೀಳುವುದೂ ಉಂಟು. ಬೆಕ್ಕು ನಾಯಿ ದೂರವಿಟ್ಟು ನೆರಳಿನಲ್ಲಿ ಬಿಡಿ, ಬಾಯಿಗೆ ನೀರು ಸುರಿಯಬೇಡಿ. ಚೇತರಿಸಿಕೊಳ್ಳದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಜೋಗಿಮಟ್ಟಿಯಂಥ ಬಂಡೆಬೆಟ್ಟಗಳಲ್ಲೇ ಹುಡುಕಬೇಕಾದ ಇನ್ನೊಂದು ಹಕ್ಕಿ ಹಳದಿ ಕತ್ತಿನ ಪಿಕಳಾರ. ವಲಸಿಗನಲ್ಲ, ದಕ್ಷಿಣ ಭಾರತ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿ. ಜೋಗಿಮಟ್ಟಿಯಾಗಲಿ ಹೊಸದುರ್ಗದ ಉತ್ತರೆಗುಡ್ಡವಾಗಲಿ ಕರಡಿ, ಚಿರತೆಗಳ ನೆಲೆ; ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಒಬ್ಬರೇ, ಮಬ್ಬಿನಲ್ಲಿ ಹೋಗುವುದು ಜಾಣತನವಲ್ಲ.

ಮುಂಗಾರಿನ ಮಳೆನಕ್ಷತ್ರಗಳು ಶುರುವಾದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಅಶ್ವಿನಿ, ಭರಣಿ ಮುಗಿಯುವ ಹೊತ್ತಿಗೆ ಉತ್ತರದವರು ಹೆಚ್ಚೂಕಡಿಮೆ ಖಾಲಿ. ಕೃತ್ತಿಕೆ, ರೋಹಿಣಿಯಲ್ಲಿ ನೈರುತ್ಯದ ಗಾಳಿಯ ಜತೆ ಚಾತಕ ಬರುತ್ತದೆ: ಜುಟ್ಟಿನ, ಕಪ್ಪು-ಬಿಳಿ ಬಣ್ಣದ ಕೋಗಿಲೆ ಜಾತಿಯ ಹಕ್ಕಿ. ಭಾರತಕ್ಕೆ ಬರುವ ಚಾತಕಗಳಲ್ಲಿ ಬಹಳಷ್ಟು ಆಫ್ರಿಕಾದಿಂದ ಬರುವಂಥವು. ಇದು ಇಲ್ಲಿಯೇ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುವ ವಲಸಿಗ. ಕಡಲ ಮೇಲಿನ ಈ ದಾರಿ ಎಷ್ಟು ದೊಡ್ಡದೆಂಬುದು 2020ರಲ್ಲಿ ಲೋಕಕ್ಕೆ ಗೊತ್ತಾಯಿತು. ಮಂಗೋಲಿಯಾದಲ್ಲಿ ಉಪಗ್ರಹ ಸಾಧನ ತೊಡಿಸಿದ್ದ ಓನನ್ ಎಂಬ, ಕೋಗಿಲೆ ಜಾತಿಯದೇ ಇನ್ನೊಂದು ಹಕ್ಕಿ ಆಫ್ರಿಕಾದ ಜಾಂಬಿಯಾದಿಂದ ಹೊರಟು, ಅರಬ್ಬೀ ಸಮುದ್ರ ದಾಟಿ, ಭಾರತದ ಮೇಲೆ ಹಾದು ಊರು ಸೇರಿತ್ತು. ನಿಮ್ಮೂರಿನಲ್ಲಿ ಚಾತಕದ ಮೊದಲ ಕೂಗು ಯಾವ ಮಳೆಗೆ ಕೇಳಿತು ಎಂದು ಬರೆದಿಟ್ಟರೆ ಅದಕ್ಕೆ ಬೆಲೆಯಿದೆ.

ಹೊರಡುವ ಮೊದಲು

ಸಾಮಾನು ಹೆಚ್ಚು ಬೇಡ. 8×42 ಅಥವಾ 10×42 ಎಂದು ಬರೆದ ದುರ್ಬೀನು, ಒಂದು ಕೈಪುಸ್ತಕ, ಟೋಪಿ, ಎರಡು ಲೀಟರು ನೀರು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡನಾಡಿನ ಹಕ್ಕಿಗಳು’ ಕನ್ನಡ ಹೆಸರುಗಳಿಗೂ ನೋಡುವ ಕಣ್ಣಿಗೂ ಇವತ್ತಿಗೂ ಒಳ್ಳೆಯ ಜತೆಗಾರ. ಮೊಬೈಲಿನ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ನೋಡದೆ ಪಟ್ಟಿಗೆ ಸೇರಿಸಬೇಡಿ. ಮಾರ್ಚ್ ನಂತರ ಹಿರಿಯೂರಿನ ಬಿಸಿಲು ಒಂಬತ್ತಕ್ಕೇ ಸುಡುತ್ತದೆ, ಕಾವಿನ ಅಲೆಯಲ್ಲಿ ದುರ್ಬೀನಿನ ನೋಟವೂ ಕದಡುತ್ತದೆ. ಸೂರ್ಯ ಹುಟ್ಟುವ ಮೊದಲೇ ದಂಡೆಯಲ್ಲಿರಿ. ಬೆಳಿಗ್ಗೆ ಕೆರೆಯ ಮೂಡಣ ದಂಡೆ, ಸಂಜೆ ಪಡುವಣ ದಂಡೆ ಹಿಡಿದರೆ ಬಿಸಿಲು ನಿಮ್ಮ ಬೆನ್ನಿಗಿದ್ದು ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಹೊಲಕ್ಕೆ ಇಳಿಯುವ ಮೊದಲು ಹೊಲದವರನ್ನು ಕೇಳಿ. ಅಣೆಕಟ್ಟೆಯ ಮೇಲೆ ಚಿತ್ರ ತೆಗೆಯುವ ಮೊದಲು ಸಿಬ್ಬಂದಿಯನ್ನು ಕೇಳಿ.

ಹತ್ತಿರ ಹೋಗುವ ಚಪಲ ಈ ಕಾಲದಲ್ಲಿ ವಿಶೇಷವಾಗಿ ಕೆಟ್ಟದ್ದು. ಹಗಲು ಉದ್ದವಾಗುತ್ತ ಬಂದಂತೆ ಹಕ್ಕಿಯ ಮೈಯಲ್ಲಿ ಪ್ರಯಾಣದ ಸಿದ್ಧತೆ ನಡೆಯುತ್ತದೆ. ಅವು ಹಗಲಿಡೀ ತಿಂದು ಕೊಬ್ಬು ಕೂಡಿಸುತ್ತವೆ, ಕೆಲವು ಸಣ್ಣ ಹಕ್ಕಿಗಳ ತೂಕ ಹೆಚ್ಚೂಕಡಿಮೆ ಎರಡರಷ್ಟಾಗುತ್ತದೆ. ಆ ಕೊಬ್ಬೇ ಮರುಭೂಮಿ, ಪರ್ವತ ದಾಟುವ ಇಂಧನ. ಫೋಟೊಗಾಗಿ ಗುಂಪನ್ನು ಮತ್ತೆ ಮತ್ತೆ ಎಬ್ಬಿಸಿದರೆ ನಾವು ಅದನ್ನೇ ಖರ್ಚು ಮಾಡಿಸುತ್ತೇವೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಬೇಡ. ಬಲೆ, ಉರುಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಕಾಲಿಗೆ ಉಂಗುರವಿರುವ ಹಕ್ಕಿ ಕಂಡರೆ ಉಂಗುರದ ಅಕ್ಷರ, ಸಂಖ್ಯೆ, ಬಣ್ಣದ ಚಿತ್ರ ತೆಗೆದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ದೇಶದಲ್ಲಿ ಹಕ್ಕಿಗೆ ಉಂಗುರ ತೊಡಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತ ಬಂದಿರುವುದು ಆ ಸಂಸ್ಥೆ. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟದೆ ಪಶುವೈದ್ಯ ಇಲಾಖೆಗೆ ಹೇಳಿ.

ಇನ್ನು ಬರೆಯುವ ವಿಚಾರ. ಹಕ್ಕಿ ಬಂದ ಮೊದಲ ದಿನ ನಮಗೆ ಆ ದಿನವೇ ತಿಳಿಯುತ್ತದೆ. ಕೊನೆಯ ದಿನ ಹಾಗಲ್ಲ. ಏಪ್ರಿಲ್ 18ರಂದು ಕಂಡ ಗದ್ದೆಗೊರವ ಕೊನೆಯದು ಎಂದು ಗೊತ್ತಾಗಬೇಕಾದರೆ 25ರಂದೂ ಮೇ 2ರಂದೂ ಅದೇ ಕೆರೆಗೆ ಹೋಗಿ ‘ಇಲ್ಲ’ ಎಂದು ಬರೆದಿರಬೇಕು. ಆದ್ದರಿಂದ ದೂರದ ಜಾಗ ಬೇಡ, ಮನೆಗೆ ಹತ್ತಿರದ ಒಂದು ಕೆರೆ ಸಾಕು. ದಿನಾಂಕ, ಶುರು ಮಾಡಿದ ಹೊತ್ತು, ಎಷ್ಟು ನಿಮಿಷ, ಎಷ್ಟು ನಡೆದಿರಿ, ಕಂಡ ಎಲ್ಲ ಜಾತಿ, ಪ್ರತಿಯೊಂದರ ಎಣಿಕೆ. ಅಪರೂಪದ್ದನ್ನು ಮಾತ್ರ ಬರೆದು ಕಾಗೆ, ಗೊರವಂಕ ಬಿಟ್ಟರೆ ಆ ಪಟ್ಟಿ ಅರೆಬರೆ. ಇದನ್ನೇ ಇ-ಬರ್ಡ್ ಜಾಲತಾಣಕ್ಕೆ ಏರಿಸಿದರೆ ದೇಶದ ಲೆಕ್ಕಕ್ಕೆ ಸೇರುತ್ತದೆ. 2007ರಲ್ಲಿ ವಲಸೆ ಹಕ್ಕಿಗಳ ದಿನಾಂಕ ಕೂಡಿಸಲೆಂದೇ ಶುರುವಾದ ಮೈಗ್ರಂಟ್‌ವಾಚ್ ಯೋಜನೆಯ ಕೆಲಸವೂ ಈಗ ಅಲ್ಲೇ ಮುಂದುವರಿದಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಗೆ ನಮ್ಮ ಶಾಲಾ-ಕಾಲೇಜುಗಳು ಸೇರಬಹುದು. ಮೇ ತಿಂಗಳ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನ. ಆ ಹೊತ್ತಿಗೆ ಶಾಲೆಗೆ ರಜೆ, ಮಕ್ಕಳು ಊರಲ್ಲೇ ಇರುತ್ತಾರೆ.

ಬೆಂಗಳೂರು, ಮೈಸೂರಿನ ಕೆರೆಗಳಿಗೆ ವರ್ಷವಿಡೀ ಪಟ್ಟಿ ಬರೆಯುವವರಿದ್ದಾರೆ. ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀವೇ ಆಗಬೇಕು. ಈ ಬೇಸಿಗೆಯಲ್ಲಿ ನಿಮ್ಮೂರ ಕೆರೆಗೆ ವಾರಕ್ಕೊಮ್ಮೆ, ರೋಹಿಣಿ ಮಳೆವರೆಗೆ, ಅರ್ಧ ಗಂಟೆ ಹೋಗಿಬನ್ನಿ. ಒಂದೂ ವಲಸೆ ಹಕ್ಕಿ ಕಾಣದ ವಾರದ ಪಟ್ಟಿಯನ್ನೂ ಬರೆದು ಇ-ಬರ್ಡ್‌ಗೆ ಏರಿಸಿ.